ಪುಸ್ತಕದ ಕೊನೆಯ ಪದಸೂಚಿಯನ್ನು, ಅಂದರೆ ಯಾವ ವಿಷಯ ಯಾವ ಪುಟದಲ್ಲಿದೆ ಎಂದು ತಿಳಿಸುವ ಪಟ್ಟಿಯನ್ನು, ಸಿದ್ಧಪಡಿಸುವವರ ಕೆಲಸ ಹೇಗಿರುತ್ತದೆ? ಅದಕ್ಕೆ ಪುಸ್ತಕಪ್ರೀತಿಯೊಂದೇ ಸಾಕೇ?

ಪುಸ್ತಕಪ್ರೀತಿ ಬೇಕೇ ಬೇಕು, ಆದರೆ ಇಲ್ಲಿ ಓದುವ ರೀತಿಯೇ ಬೇರೆ. ಪುಟವಿನ್ಯಾಸ ಮುಗಿದು ಪುಟಸಂಖ್ಯೆಗಳು ಸ್ಥಿರವಾದ ಮೇಲಷ್ಟೇ ಪ್ರೂಫ್ ಪ್ರತಿ ಸೂಚಿಕಾರರ ಕೈಸೇರುತ್ತದೆ. ಅಷ್ಟರಲ್ಲಿ ಅಚ್ಚಿನ ದಿನ ಹತ್ತಿರವಾಗಿರುವುದರಿಂದ, ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಇಡೀ ಗ್ರಂಥವನ್ನು ಓದಿ, ಯಾವ ಓದುಗರು ಯಾವ ಪದ ಹಿಡಿದು ಹುಡುಕಿಕೊಂಡು ಬಂದಾರು ಎಂದು ಊಹಿಸುತ್ತ ನಮೂದುಗಳನ್ನು ಬರೆಯಬೇಕಾಗುತ್ತದೆ.

ಇದನ್ನು ಕಂಪ್ಯೂಟರ್ ಮಾಡಲಾರದೇ ಎಂದು ಹಲವರು ಕೇಳುತ್ತಾರೆ. ಅಕಾರಾದಿಯಾಗಿ ಜೋಡಿಸಲು ತಂತ್ರಾಂಶ ನೆರವಾಗುವುದು ನಿಜ. ಆದರೆ ‘ಬರ’ ಎಂದು ಹುಡುಕಿದರೆ ‘ಬರಹ’ವೂ ‘ಬರಲಿ’ಯೂ ಸಿಗುತ್ತವೆ, ಬತ್ತಿದ ಕೆರೆಯನ್ನೂ ಗುಳೆ ಹೋದ ಊರನ್ನೂ ವರ್ಣಿಸಿಯೂ ‘ಬರ’ ಎಂಬ ಪದವನ್ನೇ ಬಳಸದ ಪುಟ ಮಾತ್ರ ತಪ್ಪಿಹೋಗುತ್ತದೆ. ಆ ಪುಟವನ್ನು ‘ಬರಗಾಲ’ದ ಅಡಿಯಲ್ಲಿ ತರುವ ವಿವೇಚನೆಯೇ ಈ ವೃತ್ತಿಯ ಜೀವಾಳವೆಂದು ನಾನು ನಂಬುತ್ತೇನೆ. ಹೆಸರುಗಳಲ್ಲೂ ಅಷ್ಟೇ ಎಚ್ಚರ ಬೇಕು: ಪುಟ್ಟಪ್ಪ, ಕೆ.ವಿ. ಎಂದು ಹುಡುಕುವವರಿಗೆ ‘ಕುವೆಂಪು ನೋಡಿ’ ಎಂಬ ದಾರಿ ಅಲ್ಲಿರಬೇಕು.

ಬ್ರಿಟನ್ನಿನಲ್ಲಿ ಇದು ಸಂಘಟಿತ ವೃತ್ತಿ. 1957ರಲ್ಲಿ ಜಿ. ನಾರ್ಮನ್ ನೈಟ್ ಅವರು ಸ್ಥಾಪಿಸಿದ ಸೊಸೈಟಿ ಆಫ್ ಇಂಡೆಕ್ಸರ್ಸ್ ಇಂದಿಗೂ ತರಬೇತಿ ನೀಡುತ್ತಿದೆ. ಸೂಚಿಕಾರರಲ್ಲಿ ಹೆಚ್ಚಿನವರು ಮನೆಯಿಂದಲೇ ಸ್ವತಂತ್ರವಾಗಿ ದುಡಿಯುತ್ತಾರೆ. ಕನ್ನಡದ ವಿದ್ವತ್ ಗ್ರಂಥಗಳಲ್ಲಿ ಈ ಹೊಣೆ ಬಹುಮಟ್ಟಿಗೆ ಲೇಖಕರ ಅಥವಾ ಸಂಪಾದಕರ ಹೆಗಲಿಗೇ ಬೀಳುತ್ತದೆ, ಹಾಗಾಗಿ ಎಷ್ಟೋ ಒಳ್ಳೆಯ ಪುಸ್ತಕಗಳು ಪದಸೂಚಿಯಿಲ್ಲದೆಯೇ ಹೊರಬರುತ್ತವೆ.