ಚಿತ್ತಾರ ಬರೆಯುವವರಿಗೆ ಮನೆಯಿಂದ ಬರುವುದೇನು, ಮಳೆ-ಬಿಸಿಲಿನಿಂದ ಬರುವುದೇನು?

'ಡಿಸೈನ್ ಓದುತ್ತಿದ್ದೇನೆ, ಸ್ಥಳೀಯ ಕಲಾವಿದರಿಗೆ ಕುಟುಂಬ ಮತ್ತು ಋತುಮಾನ ಹೇಗೆ ಸ್ಫೂರ್ತಿ ಕೊಡುತ್ತವೆ, ನಿಮ್ಮೂರಿನ ಉದಾಹರಣೆ ಹೇಳಿ' ಅಂತ ನೀವು ಕೇಳಿದ್ದೀರಿ. ನನ್ನದು ಸಾಗರ ತಾಲ್ಲೂಕಿನ ದೀವರ ಮನೆ, ದೀವರು ಅಂದರೆ ಮಲೆನಾಡಿನ ಒಂದು ರೈತ ಸಮುದಾಯ. ಹುಟ್ಟಿದ ಮನೆಯಲ್ಲೂ ಸೇರಿದ ಮನೆಯಲ್ಲೂ ಹೆಂಗಸರು ಚಿತ್ತಾರ, ಅಂದರೆ ಗೋಡೆ ಮತ್ತು ಬುಟ್ಟಿಗಳ ಮೇಲಿನ ಗೆರೆಚಿತ್ರ, ಬರೆಯುತ್ತಾರೆ, ನಾನೂ ಬರೆಯುತ್ತೇನೆ. ಹಾಗಾಗಿ ಸಾಗರ, ಸೊರಬ, ಹೊಸನಗರ, ಸಿದ್ದಾಪುರ ಸೀಮೆಯ ಚಿತ್ತಾರದ ಬಗ್ಗೆ ಮಾತ್ರ ಹೇಳುತ್ತೇನೆ. ಉಳಿದ ಕಲೆಗಳಿಗೆ ಇದು ಅನ್ವಯಿಸುತ್ತದೋ ಇಲ್ಲವೋ ನೀವೇ ನೋಡಿಕೊಳ್ಳಿ.

ಮೊದಲು ಋತುಮಾನ. ಮಳೆ ನೋಡಿ ಮಳೆಯನ್ನು ಬರೆಯುವವರು, ಹೂ ಬಿಟ್ಟದ್ದು ನೋಡಿ ಹೂವಿನ ಮರ ಬರೆಯುವವರು ನಮ್ಮಲ್ಲಿ ಇಲ್ಲ. ಮಲೆನಾಡಿನಲ್ಲಿ ಇಷ್ಟು ಮಳೆ ಹೊಯ್ಯುತ್ತದೆ, ಆದರೂ ಚಿತ್ತಾರದಲ್ಲಿ ಒಂದು ಹನಿ ಮಳೆ ಸಿಗುವುದಿಲ್ಲ. ಇರುವುದೆಲ್ಲ ಎಳೆ, ಚುಕ್ಕಿ, ಅಡ್ಡಗೆರೆ, ನೇಯ್ದ ಚಾಪೆಯಂತೆ ಕೂಡಿಕೊಂಡ ಚೌಕಗಳು. ನಡುವೆ ಏಣಿ, ತೇರು, ಬಾಸಿಂಗ, ಗೊಂಬೆಸಾಲು, ಭತ್ತದ ಸಸಿ. ಋತು ನಮ್ಮ ಕೆಲಸದೊಳಗೆ ಬರುವುದು ಬೇರೆ ದಾರಿಯಿಂದ. ಯಾವಾಗ ಬರೆಯಬೇಕು, ಯಾವುದರಿಂದ ಬರೆಯಬೇಕು, ಬರೆದದ್ದು ಎಷ್ಟು ದಿನ ಉಳಿಯಬೇಕು, ಈ ಮೂರನ್ನೂ ತೀರ್ಮಾನಿಸುವುದು ಅದೇ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಣ್ಣಿನ ಗೋಡೆ ಬರೆಯಲು ಬರುವುದಿಲ್ಲ. ಗಾಳಿಮಳೆಯ ಕಡೆಯ ಗೋಡೆಗೆ ಅಡಿಕೆ ಗರಿಯ ಸೋಗೆ ಕಟ್ಟಿರುತ್ತೇವೆ, ಒಳಗಿನ ಗೋಡೆಯೂ ಕೈ ಇಟ್ಟರೆ ತಣ್ಣಗೆ ಒದ್ದೆ. ಹೋದ ವರ್ಷ ಬರೆದದ್ದು ಬುಡದಿಂದ ಮೇಲಕ್ಕೆ ಮಾಸುತ್ತ ಬರುತ್ತದೆ. ಅದಕ್ಕೆ ಯಾರೂ ಮರುಗುವುದಿಲ್ಲ. ಮಳೆ ಹಿಂದೆ ಸರಿದ ಮೇಲೆ ಗೋಡೆಗೆ ಹೊಸದಾಗಿ ಮಣ್ಣು ಬಳಿದು, ಕೆಮ್ಮಣ್ಣು ಸಾರಿಸಿ, ಮತ್ತೆ ಬರೆಯುವುದೇ. ನಮ್ಮ ಕಲೆ 'ನಶಿಸುತ್ತಿದೆ' ಎಂದು ಪೇಪರಿನಲ್ಲಿ ಬರೆಯುವವರಿಗೆ ಇದನ್ನೊಮ್ಮೆ ಹೇಳಬೇಕು ಅನಿಸುತ್ತದೆ. ವರ್ಷ ವರ್ಷ ನಶಿಸುವುದು ಅದರ ಜಾಯಮಾನ. ಮತ್ತೆ ಬರೆಯುವ ಕೈ ಇದೆಯೋ ಇಲ್ಲವೋ ಅನ್ನುವುದಷ್ಟೇ ಪ್ರಶ್ನೆ.

ಬಣ್ಣ ನಾಲ್ಕೇ. ಬಿಳಿಗೆ ಅಕ್ಕಿ ನೆನೆಸಿ ನುಣ್ಣಗೆ ಅರೆದು ಬಟ್ಟೆಯಲ್ಲಿ ಸೋಸುತ್ತೇವೆ. ಕೆಂಪಿಗೆ ಕೆಮ್ಮಣ್ಣು. ಕಪ್ಪಿಗೆ ಅಕ್ಕಿಯನ್ನೇ ಇದ್ದಿಲಾಗುವವರೆಗೆ ಹುರಿದು ಅರೆಯುವುದು. ಹಳದಿಗೆ ಕಾಡಿನ ಗುರಿಗೆ ಕಾಯಿ. ಬರೆಯುವುದು ಪುಂಡಿ ಗಿಡದ ನಾರಿನ ಕಡ್ಡಿಯಿಂದ. ನಾರನ್ನು ಜಜ್ಜಿ, ಸೀಳಿ, ಬೇಕಾದಷ್ಟೇ ಎಳೆ ಉಳಿಸಿಕೊಂಡು ಕಟ್ಟುತ್ತೇವೆ. ಎಳೆ ಕಡಿಮೆ ಇದ್ದಷ್ಟೂ ಗೆರೆ ಸಣ್ಣ. ಅಕ್ಕಿಹಿಟ್ಟಿನ ಬಿಳಿಗೆ ಒಂದು ಗುಣ ಇದೆ. ಹಸಿ ಇರುವಾಗ ಅದು ಸರಿಯಾಗಿ ಕಾಣುವುದೇ ಇಲ್ಲ, ಒಣಗಿದ ಮೇಲೆ ಬೆಳ್ಳಗೆ ಎದ್ದು ಬರುತ್ತದೆ. ಮೋಡ ಕವಿದ ದಿನ ಬರೆಯುತ್ತ ಕೂತರೆ ಹಿಂದಿನ ಸಾಲು ಕಾಣದೆ ಮುಂದಿನದು ಎಳೆಯಬೇಕು. ಆಗ ಕಣ್ಣು ಕೆಲಸಕ್ಕೆ ಬರುವುದಿಲ್ಲ, ಕೈಗೆ ಲೆಕ್ಕ ಗೊತ್ತಿರಬೇಕು. ಅರೆದಿಟ್ಟ ಹಿಟ್ಟು ಮರುದಿನಕ್ಕೆ ಹುಳಿ ಬರುತ್ತದೆ, ಹಾಗಾಗಿ ಅಂದಂದಿಗೆ ಬೇಕಾದಷ್ಟೇ ಅರೆಯುವುದು.

ಈಗ ಭೂಮಿ ಹುಣ್ಣಿಮೆ. ನಿಮ್ಮ ಪ್ರಶ್ನೆಯ ಎರಡೂ ಭಾಗಗಳು ಒಂದೇ ಕಡೆ ಸೇರುವುದು ಇಲ್ಲಿ, ಇದನ್ನು ಬಿಟ್ಟು ಚಿತ್ತಾರ ಅರ್ಥವಾಗುವುದಿಲ್ಲ. ಆಶ್ವೀಜದ ಹುಣ್ಣಿಮೆ, ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ಬೀಳುತ್ತದೆ. ಬಯಲುಸೀಮೆಯವರು ಸೀಗೆ ಹುಣ್ಣಿಮೆ ಅನ್ನುತ್ತಾರೆ. ಆ ಹೊತ್ತಿಗೆ ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ತೆನೆ ಈಚೆ ಬರುತ್ತಿರುತ್ತದೆ. ಭೂಮಿ ಬಸುರಿ ಅಂತ ನಮ್ಮ ಲೆಕ್ಕ. ಬಸುರಿ ಹೆಣ್ಣಿಗೆ ಬಯಕೆ ಊಟ ಹಾಕುವಂತೆ ಗದ್ದೆಗೆ ಎಡೆ ಹಾಕುತ್ತೇವೆ. ರಾತ್ರಿಯಿಡೀ ಹೆಂಗಸರು ನಿದ್ದೆಗೆಟ್ಟು ಅಡುಗೆ ಮಾಡುತ್ತಾರೆ: ಕಡುಬು, ಬುತ್ತಿ, ಪಲ್ಯಗಳು, ತರಾವರಿ ಸೊಪ್ಪು-ಕುಡಿ ಸೇರಿಸಿ ಬೇಯಿಸಿದ ಅಚ್ಚಂಬಲಿ. ಬೆಳಗಿನ ಜಾವ ಗಂಡಸರು ಅಚ್ಚಂಬಲಿಯನ್ನು ಕೂಗು ಹಾಕುತ್ತ ಗದ್ದೆಗೆ ಬೀರುತ್ತಾರೆ. ಆಮೇಲೆ ಮನೆಮಂದಿಯೆಲ್ಲ ಹೋಗಿ ಭತ್ತದ ಬುಡಕ್ಕೆ ಸೀರೆ ಉಡಿಸಿ, ಒಡವೆ ಇಟ್ಟು, ಪೂಜೆ ಮಾಡಿ ಅಲ್ಲೇ ಉಂಡು ಬರುವುದು.

ಆ ಊಟ ಗದ್ದೆಗೆ ಹೋಗುವುದು ಚಿತ್ತಾರ ಬರೆದ ಬುಟ್ಟಿಯಲ್ಲಿ. ದೊಡ್ಡದು ಭೂಮಣ್ಣಿ (ಭೂಮಿ ಹುಣ್ಣಿಮೆ) ಬುಟ್ಟಿ, ಅದರ ಜೊತೆಗೊಂದು ಚಿಕ್ಕದು ಅಚ್ಚಂಬಲಿ ಬುಟ್ಟಿ. ವಿಜಯದಶಮಿಯ ದಿನ ಬುಟ್ಟಿ ತೆಗೆಯುತ್ತೇವೆ. ದಶಮಿಯಿಂದ ಹುಣ್ಣಿಮೆಗೆ ಐದು ದಿನ, ಅಷ್ಟರಲ್ಲಿ ಎಲ್ಲ ಆಗಬೇಕು. ಹೆಣಿಗೆಯ ಸಂದು ಮುಚ್ಚುವಂತೆ ಸಗಣಿ ಬಳಿಯುವುದು, ಒಣಗಿಸುವುದು, ಕೆಮ್ಮಣ್ಣು ಕೊಡುವುದು, ಮತ್ತೆ ಒಣಗಿಸುವುದು, ಆಮೇಲೆ ಬರೆಯುವುದು. ಅಕ್ಟೋಬರ್‌ನಲ್ಲಿ ಮಲೆನಾಡಿನ ಬಿಸಿಲನ್ನು ನಂಬುವಂತಿಲ್ಲ, ಮಧ್ಯಾಹ್ನ ದಿಢೀರನೆ ಗುಡುಗು ಬಂದರೆ ಬುಟ್ಟಿಯನ್ನು ಒಲೆಯ ಬಳಿಗೆ ಎಳೆದುಕೊಂಡು ಹೋಗಬೇಕು. ಆ ಐದು ದಿನದಲ್ಲಿ ಮನೆಯೊಳಗೆ ಆಗುವ ಜಗಳಗಳನ್ನು ಯಾವ ಕಲಾ ಪುಸ್ತಕದಲ್ಲೂ ಬರೆದಿರುವುದಿಲ್ಲ.

ಬುಟ್ಟಿಯ ಮೇಲೆ ಬರೆಯುವುದು ಭತ್ತದ ಸಸಿ, ಏಣಿ, ಎತ್ತಿನ ಗಾಡಿ, ಗೊಂಬೆಸಾಲು. ಹೊರಗೆ ತೆನೆ ಬರುತ್ತಿದೆ, ಬುಟ್ಟಿಯ ಮೇಲೂ ಸಸಿ ಬಂತು ಅಂತ ನೀವು ಹೇಳಬಹುದು. ನನಗೆ ಅದು ಪೂರ್ತಿ ಸರಿ ಅನಿಸುವುದಿಲ್ಲ. ಗದ್ದೆಯಲ್ಲಿ ಇನ್ನೂ ಕೊಯ್ಲಾಗಿಲ್ಲ, ಹುಲ್ಲು ಗಾಡಿ ಏರಿಲ್ಲ. ಬುಟ್ಟಿಯ ಮೇಲೆ ಮಾತ್ರ ಆಗಲೇ ಗಾಡಿ ಹೊರಟಿದೆ. ಕಂಡದ್ದನ್ನಲ್ಲ, ಆಗಬೇಕಾದದ್ದನ್ನು ಬರೆಯುತ್ತೇವೆ. ಬಸುರಿಯ ಮುಂದೆ ಒಳ್ಳೆಯದನ್ನೇ ಆಡುವ ರೂಢಿ ಇದೆಯಲ್ಲ, ಹಾಗೆ.

ದೀಪಾವಳಿ ನಮಗೆ ದೊಡ್ಡಹಬ್ಬ. ಆಗ ದನಕರುಗಳ ಮೈಮೇಲೆ ಕೆಮ್ಮಣ್ಣು, ಜೇಡಿ ಅನ್ನುವ ಬಿಳಿ ಮಣ್ಣಿನ ಅಚ್ಚು. ಕೊಯ್ಲಾದ ಮೇಲೆ ಭತ್ತದ ತೆನೆ ಹೆಣೆದು ಬಾಗಿಲಿಗೆ ತೋರಣ. ಬೇಸಿಗೆಯಲ್ಲಿ, ಗೋಡೆ ಚೆನ್ನಾಗಿ ಒಣಗಿರುವಾಗ ಮದುವೆಗಳು, ಆಗ ಹಸೆ ಗೋಡೆ. ಮದುಮಕ್ಕಳನ್ನು ಕೂರಿಸುವ ಜಾಗದ ಹಿಂದಿನ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವೇ ಇದ್ದುದರಲ್ಲಿ ದೊಡ್ಡ ಕೆಲಸ. ನಾಲ್ಕಾರು ಹೆಂಗಸರು ಸೇರಿ, ಹಾಡು ಹೇಳಿಕೊಂಡು ಬರೆಯುತ್ತಾರೆ.

ಇನ್ನು ಮನೆಯ ಮಾತು. ನನಗೆ ಯಾರೂ ಚಿತ್ತಾರ 'ಕಲಿಸಲಿಲ್ಲ'. ಅಕ್ಕಿ ಅರೆಯಲು ಕೂರಿಸಿದರು, ಅಷ್ಟೆ. ಹಿಟ್ಟು ತರಿಯಾಗಿದ್ದರೆ ಅಮ್ಮ ಬಟ್ಟಲನ್ನು ವಾಪಸ್ ತಳ್ಳುತ್ತಿದ್ದಳು, ಮಾತಿಲ್ಲ. ಆಮೇಲೆ ಚುಕ್ಕಿ ಇಡುವ ಕೆಲಸ. ಗೋಡೆಯ ಬುಡದಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ. ಹೊರಚೌಕಟ್ಟನ್ನು ಮಾತ್ರ ಅಮ್ಮಮ್ಮನೇ ಎಳೆಯಬೇಕು. ಅದು ಒಂದು ಬೆರಳು ಓರೆಯಾದರೂ ಒಳಗಿನ ಲೆಕ್ಕವೆಲ್ಲ ಕೊನೆಗೆ ಕೂಡುವುದಿಲ್ಲ. ಅಮ್ಮಮ್ಮನಿಗೆ ಕಣ್ಣು ಮಂಜಾದ ಮೇಲೂ ಚೌಕಟ್ಟಿನ ಅಧಿಕಾರ ಅಮ್ಮನಿಗೆ ಸಿಗಲು ವರ್ಷಗಳು ಬೇಕಾದವು. ಕುಟುಂಬದ ಪ್ರಭಾವ ಅಂದರೆ ಪ್ರೀತಿ, ಪ್ರೋತ್ಸಾಹ ಎಂದು ನೀವು ಅಂದುಕೊಂಡಿದ್ದರೆ, ನಮ್ಮಲ್ಲಿ ಅದು ಬಹುಮಟ್ಟಿಗೆ ಸರದಿ. ಯಾವ ವಯಸ್ಸಿಗೆ ಗೋಡೆಯ ಎಷ್ಟು ಎತ್ತರದವರೆಗೆ ನಿನ್ನ ಕೈ ಹೋಗಬಹುದು ಅನ್ನುವ ಸರದಿ.

ಮದುವೆಯಾಗಿ ಬಂದ ಮೇಲೆ ಇನ್ನೊಂದು ಪಾಠ. ನಮ್ಮಮ್ಮನ ಕಡೆಯವರದು ಒತ್ತೊತ್ತಾದ ಎಳೆ, ಖಾಲಿ ಜಾಗ ಬಿಡುವುದೇ ಇಲ್ಲ. ಅತ್ತೆಯ ಮನೆಯಲ್ಲಿ ಗೆರೆ ದಪ್ಪ, ನಡುವೆ ಕೆಂಪು ಧಾರಾಳವಾಗಿ ಕಾಣಬೇಕು. ಮೊದಲ ಭೂಮಿ ಹುಣ್ಣಿಮೆಗೆ ನಾನು ಬುಟ್ಟಿ ಬರೆದಾಗ ಅತ್ತೆ ತಿರುಗಿಸಿ ತಿರುಗಿಸಿ ನೋಡಿ, "ಎಂತ ಮಾರಾಯ್ತಿ, ಇರುವೆ ಮುತ್ತಿದ ಹಂಗೆ ಕಾಣ್ತದಲೆ" ಅಂದರು. ಅಳಿಸಲಿಲ್ಲ. ಮರುವರ್ಷ ದೊಡ್ಡ ಬುಟ್ಟಿ ಅವರು ಬರೆದರು, ಅಚ್ಚಂಬಲಿ ಬುಟ್ಟಿ ನನಗೆ ಬಿಟ್ಟರು. ಈಗ ನನ್ನ ಮಗಳು ಬರೆಯುವುದು ನೋಡಿದರೆ ಮೇಲಂಚು ಅಮ್ಮನ ಮನೆಯದು, ಹೊಟ್ಟೆಭಾಗ ಅತ್ತೆಯದು. ಹೆಣ್ಣು ಊರಿಂದೂರಿಗೆ ಹೋಗುವ ದಾರಿಯಲ್ಲೇ ಎಳೆಗಳೂ ಹೋಗುತ್ತವೆ. ನೀವು ನಕ್ಷೆ ಮಾಡುವುದಾದರೆ ಊರುಗಳ ನಕ್ಷೆ ಬೇಡ, ಯಾವ ಮನೆಯ ಹೆಣ್ಣು ಯಾವ ಊರಿಗೆ ಹೋದಳು ಅನ್ನುವುದನ್ನು ಗುರುತು ಮಾಡಿಕೊಳ್ಳಿ. ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪಕ್ಕದಲ್ಲೇ ಗುಡಿಗಾರರು ಇದ್ದಾರೆ, ಸಾಗರ, ಸೊರಬದ ಶ್ರೀಗಂಧದ ಕೆತ್ತನೆಯವರು. ಅವರಲ್ಲಿ ಹೆಚ್ಚಾಗಿ ಅಪ್ಪನಿಂದ ಮಗನಿಗೆ, ಉಳಿ ಹಿಡಿಸಿ ಕಲಿಸುವ ವಿದ್ಯೆ, ಮತ್ತು ಅದು ಹೊಟ್ಟೆಪಾಡು. ಅವರಿಗೂ ಋತು ಇದೆ: ಚೌತಿಗೆ ಮಣ್ಣಿನ ಗಣಪತಿ, ಮದುವೆ ಕಾಲಕ್ಕೆ ಬೆಂಡಿನ ಬಾಸಿಂಗ. ಆ ಬಾಸಿಂಗವನ್ನೇ ನಾವು ಹಸೆ ಗೋಡೆಯ ಮೇಲೆ ಬರೆಯುತ್ತೇವೆ. ಹೋಲಿಕೆಗೆ ನಿಮಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗಲಾರದು.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ಹೇಳಲೇಬೇಕಾದ ಒಂದು ಸಂಗತಿ ಇದೆ: ಗದ್ದೆ ಯಾರದು? ಬಸುರಿ ಮಗಳ ಹಾಗೆ ಸೀರೆ ಉಡಿಸಿ ಊಟ ಹಾಕುತ್ತಿದ್ದ ಆ ಗದ್ದೆ ನಮ್ಮ ಹಿರಿಯರಲ್ಲಿ ಹೆಚ್ಚಿನವರ ಪಾಲಿಗೆ ಸ್ವಂತದ್ದಾಗಿರಲಿಲ್ಲ, ಗೇಣಿಯದಾಗಿತ್ತು. 1951ರಲ್ಲಿ ಸಾಗರದ ಪಕ್ಕದ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ ಎದ್ದ ತಕರಾರೇ ಸತ್ಯಾಗ್ರಹವಾಯಿತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. 1974ರ ಭೂಸುಧಾರಣೆಯ ನಂತರ ಎಷ್ಟೋ ಮನೆಗಳಿಗೆ ಗದ್ದೆಯ ಪಹಣಿ ಬಂತು. ಅದಕ್ಕೂ ಮೊದಲು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ಮುಳುಗಿದ ಊರುಗಳಲ್ಲಿ ದೀವರ ಮನೆಗಳೂ ಇದ್ದವು. ನನ್ನ ಅಮ್ಮಮ್ಮನ ತವರು ಹಾಗೆ ಹೋದದ್ದೇ. ಹೊಸ ಜಾಗದ ಕೆಮ್ಮಣ್ಣು ಹಳೆಯದರಷ್ಟು ಕೆಂಪಿಲ್ಲ ಎಂದು ಅವಳು ಕೊನೆಯವರೆಗೂ ಗೊಣಗುತ್ತಿದ್ದಳು. ಕಲೆಯ ಮೇಲೆ ಪರಿಸರದ ಪ್ರಭಾವ ಅಂತ ಬರೆಯುವಾಗ ಇದೂ ನೆನಪಿರಲಿ.

ಈಗಿನ ಸ್ಥಿತಿ? ಸಿಮೆಂಟ್ ಗೋಡೆಗೆ ಕೆಮ್ಮಣ್ಣು ನಿಲ್ಲುವುದಿಲ್ಲ, ಹಾಗಾಗಿ ಚಿತ್ತಾರ ಬಟ್ಟೆಗೆ, ಕಾಗದಕ್ಕೆ, ಪ್ಲೈವುಡ್ಡಿಗೆ ಬಂದಿದೆ, ಅಕ್ರಿಲಿಕ್ ಬಂದಿದೆ. ನನಗೆ ಅಕ್ರಿಲಿಕ್ ಮೇಲೆ ಮುನಿಸಿಲ್ಲ, ಮಗಳ ಫೀಸು ಕಟ್ಟುವಲ್ಲಿ ಅದರ ಪಾಲೂ ಇದೆ. ಗಂಡಸರೂ ಬರೆಯುತ್ತಾರೆ. ಹಸುವಂತೆಯ ಈಶ್ವರ ನಾಯ್ಕ, ಸಿರಿವಂತೆಯ ಚಂದ್ರಶೇಖರ್ ಅವರಂಥವರಿಂದ ಚಿತ್ತಾರದ ಹೆಸರು ಹೊರಗೆ ಗೊತ್ತಾಗಿದೆ. ಅದು ಸಂತೋಷವೇ. ಹೆಸರಿಲ್ಲದೆ ಗೋಡೆ ತುಂಬಿಸಿದ ಹೆಂಗಸರೂ ಲೆಕ್ಕಕ್ಕೆ ಬರಲಿ ಅನ್ನುವುದು ನನ್ನ ಆಸೆ. ನನಗೆ ಕಿರಿಕಿರಿ ಆಗುವುದು ಕಾಲ ನೋಡದ ಆರ್ಡರುಗಳಿಂದ. ಒಂದು ರೆಸಾರ್ಟಿನವರು ಜುಲೈಯಲ್ಲಿ, ಮಣ್ಣಿನ ಗೋಡೆಗೆ, ಅಕ್ಕಿಹಿಟ್ಟಿನಲ್ಲೇ ಹಸೆ ಬೇಕು, 'ಅಥೆಂಟಿಕ್' ಆಗಿರಬೇಕು ಅಂದರು. ಆ ತಿಂಗಳಲ್ಲಿ ಅಕ್ಕಿಹಿಟ್ಟು ಒಣಗುವ ಮೊದಲೇ ಬೂಸಲು ಹಿಡಿಯುತ್ತದೆ, ಮಳೆ ಕಳೆಯಲಿ ಎಂದೆ. ಅವರು ಬೇರೆ ಯಾರಿಂದಲೋ ಪೇಂಟಿನಲ್ಲಿ ಬರೆಸಿಕೊಂಡರು. ಅದರಲ್ಲಿ ತಪ್ಪೇನಿಲ್ಲ, ಪಕ್ಕದಲ್ಲಿ ಹಾಕಿದ ಬೋರ್ಡಿನಲ್ಲಿ ಅಕ್ಕಿಹಿಟ್ಟು ಎಂದು ಬರೆಸದಿದ್ದರೆ ಆಗುತ್ತಿತ್ತು.

ನೀವು ಬಂದು ನೋಡುವುದಾದರೆ ಹುಣ್ಣಿಮೆಯ ದಿನ ಬರಬೇಡಿ. ಅಷ್ಟೊತ್ತಿಗೆ ಬರೆಯುವುದೆಲ್ಲ ಮುಗಿದಿರುತ್ತದೆ, ನಿಮಗೆ ಸಿಗುವುದು ಫೋಟೋ ಮತ್ತು ಊಟ (ಊಟ ಬಿಡಬೇಡಿ, ಅದು ಬೇರೆ ಮಾತು). ವಿಜಯದಶಮಿಯ ಮರುದಿನ ಬನ್ನಿ. ಕ್ಯಾಮೆರಾ ಆಮೇಲೆ ತೆಗೆಯಬಹುದು, ಮೊದಲು ಅಕ್ಕಿ ಅರೆಯಲು ಕೂರಿ. ಹಿಟ್ಟು ನುಣ್ಣಗಾದರೆ ಯಾರಾದರೂ ನಿಮ್ಮ ಕೈಗೆ ನಾರಿನ ಕಡ್ಡಿ ಕೊಟ್ಟು ಬುಡದಲ್ಲಿ ನಾಲ್ಕು ಚುಕ್ಕಿ ಇಡಿಸಿಯಾರು. ಬರುವಾಗ ಯಾವುದಾದರೂ ಮನೆಯ ಪರಿಚಯ ಮಾಡಿಕೊಂಡೇ ಬನ್ನಿ, ಅದು ಹಬ್ಬದ ಮನೆ, ಪ್ರದರ್ಶನ ಅಲ್ಲ. ಮತ್ತೆ, ಒಂದು ಕೊಡೆ ತನ್ನಿ.