ಏರ್ ಬ್ಯಾಗ್‌ಗಿಂತ ಮೊದಲು ತೂಕ ನೋಡಿ
12,000 ಪೌಂಡಿನ ಫಿಫ್ತ್ ವೀಲ್ ಟ್ರೈಲರ್ (ಪಿಕಪ್ ಟ್ರಕ್ಕಿನ ಹಿಂದಿನ ತೊಟ್ಟಿಯೊಳಗೆ ಕೊಂಡಿ ಹಾಕಿ ಎಳೆಯುವ ಟ್ರೈಲರ್) ಹಾಕಿದರೆ ನಿಮ್ಮ ಟ್ರಕ್ಕಿನ ಹಿಂಭಾಗ ಮೂರು ಇಂಚು ಕೂರುತ್ತದೆ, ಏರ್ ಬ್ಯಾಗ್ (ಹಿಂದಿನ ಸಸ್ಪೆನ್ಶನ್‌ಗೆ ಆಸರೆ ಕೊಡುವ ಗಾಳಿ ಚೀಲ) ಹಾಕಿಸಲಾ ಅಂತ ಕೇಳಿದ್ದೀರಿ. ಸ್ವಲ್ಪ ತಡೆಯಿರಿ. ಭಾರ ಬಿದ್ದರೆ ಕೂರುವುದು ಸಹಜ ಅಲ್ವಾ? ಎಷ್ಟು ಭಾರ ಅನ್ನುವುದೇ ಮುಖ್ಯ. ಟ್ರೈಲರ್ ತೂಕದ ಸುಮಾರು 20% ಪಿನ್ ಮೇಲೆ, ಅಂದರೆ ಟ್ರೈಲರ್ ಟ್ರಕ್ಕಿಗೆ ಕೂರುವ ಜಾಗದ ಮೇಲೆ ಬರುತ್ತದೆ. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 2,400 ಪೌಂಡ್. ಹಿಚ್ (ಟ್ರೈಲರ್ ಸಿಕ್ಕಿಸುವ ಕೊಂಡಿ), ಜನ, ಸಾಮಾನು ಬೇರೆ. ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಪೇಲೋಡ್ ಮಿತಿ (ಟ್ರಕ್ ಹೊರಬಹುದಾದ ಗರಿಷ್ಠ ಭಾರ) ಇರುತ್ತದೆ, ನೋಡಿ. ಆಮೇಲೆ ಟ್ರಕ್ ಸ್ಟಾಪಿನ ಕ್ಯಾಟ್ ಸ್ಕೇಲ್‌ನಲ್ಲಿ (ವಾಹನ ತೂಗುವ ತಕ್ಕಡಿಯಲ್ಲಿ) ಹಿಂದಿನ ಆಕ್ಸಲ್ ತೂಕ ಹಾಕಿಸಿ. ಮಿತಿಯೊಳಗಿದ್ದರೆ ಧಾರಾಳವಾಗಿ ಏರ್ ಬ್ಯಾಗ್ ಹಾಕಿಸಿ. ಟ್ರಕ್ ಮಟ್ಟಕ್ಕೆ ಬರುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುವುದಿಲ್ಲ. ಮಿತಿ ಮೀರಿದ್ದರೆ ಅದು ಸುಮ್ನೆ ಕುಸಿತವನ್ನು ಮರೆಮಾಡುತ್ತದೆ, ಅಷ್ಟೇ. ಆಕ್ಸಲ್, ಟೈರುಗಳ ತಾಕತ್ತು ಒಂದು ಪೌಂಡೂ ಜಾಸ್ತಿ ಆಗುವುದಿಲ್ಲ. ತೂಕದ ಚೀಟಿ ಸಿಕ್ಕ ಮೇಲೆ ಅಂಕಿಗಳನ್ನು ಇಲ್ಲಿ ಹಾಕಿ, ಒಟ್ಟಿಗೆ ನೋಡೋಣ.