ಟ್ರಾನ್ಸ್ ಹುಟ್ಟಿದ್ದು ಅಂಜುನಾದಲ್ಲೋ, ಫ್ರಾಂಕ್‌ಫರ್ಟಿನಲ್ಲೋ?

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಕೊಯ್ಲಿಗೆಂದು ಊರಿಗೆ ಬಂದವನು ಅಡಿಕೆ ಸುಲಿಯುವಾಗಲೂ ಕಿವಿಯಿಂದ ಹೆಡ್‌ಫೋನ್ ತೆಗೆಯುವುದಿಲ್ಲ. ಕೇಳಿದರೆ “ಇದು ಟ್ರಾನ್ಸ್ ಅಮ್ಮ, ಗೋವಾದಲ್ಲಿ ಹುಟ್ಟಿದ್ದು, ಮೂಲ ನಮ್ಮದೇ ಮಂತ್ರ, ಧ್ಯಾನ” ಅನ್ನುತ್ತಾನೆ. ನಾನೂ ಒಂದು ದಿನ ಕಿವಿಗಿಟ್ಟು ಕೇಳಿದೆ. ಹತ್ತು ನಿಮಿಷ ಒಂದೇ ಸಮ ಡಬಡಬ. ಇದು ನಮ್ಮದು ಹೌದೇ? ಇದರಲ್ಲಿ ಕೇಳುವುದಕ್ಕೆ ಏನಿದೆ? ಕಿವಿ ಕೆಡುವುದಿಲ್ಲವೇ?
– ಗೃಹಿಣಿ, ಸಾಗರ ತಾಲ್ಲೂಕು

ಉತ್ತರ: ಅಮ್ಮಾ, ನಿಮ್ಮ ಮಗ ಹೇಳಿದ್ದರಲ್ಲಿ ಗೋವಾದ ಮಾತು ಅರ್ಧ ಸರಿ. ಮಂತ್ರ, ಧ್ಯಾನದ ಮಾತು ಕ್ಯಾಸೆಟ್ ಕವರಿನ ಮೇಲಿನ ಓಂಕಾರದಷ್ಟೇ ಸರಿ.

ಟ್ರಾನ್ಸ್, ಅಂದರೆ ಮೈಮರೆವು, ಎಂದು ಹೆಸರಿಟ್ಟುಕೊಂಡೇ ಹೊರಬಂದ ಈ ಯಂತ್ರದ ಕುಣಿತ ಸಂಗೀತದ ತವರು ಜರ್ಮನಿ, ಅದರಲ್ಲೂ ಫ್ರಾಂಕ್‌ಫರ್ಟ್. ಕಾಲ 1990ರ ಆಸುಪಾಸು. ಅಲ್ಲಿನ ವಿಮಾನ ನಿಲ್ದಾಣದ ಕಟ್ಟಡದೊಳಗೇ 1978ರಿಂದ ‘ಡೋರಿಯನ್ ಗ್ರೇ’ ಎಂಬ ಡಿಸ್ಕೋ ನಡೆಯುತ್ತಿತ್ತು. ಊರೊಳಗೆ 1988ರಲ್ಲಿ ‘ಓಮೆನ್’ ಎಂಬ ಕ್ಲಬ್ ತೆರೆಯಿತು. ಅದನ್ನು ನಡೆಸಿದವರಲ್ಲಿ ಸ್ವೆನ್ ಫೇಟ್ ಎಂಬ ಡಿಜೆ ಪ್ರಮುಖ. ಅದೇ ಊರಿನ ಡಿಜೆ ಡಾಗ್ ಮತ್ತು ಜ್ಯಾಮ್ ಎಲ್ ಮಾರ್ ಜೋಡಿ 1990ರಲ್ಲಿ ತಮ್ಮ ತಂಡಕ್ಕೆ ‘ಡಾನ್ಸ್ 2 ಟ್ರಾನ್ಸ್’ ಎಂದೇ ಹೆಸರಿಟ್ಟುಕೊಂಡಿತು. ಬರ್ಲಿನ್ ಗೋಡೆ ಬಿದ್ದು ಆಗಿನ್ನೂ ವರ್ಷವಾಗಿತ್ತಷ್ಟೆ. ಪೂರ್ವ ಬರ್ಲಿನ್ನಿನ ಪಾಳು ಕಟ್ಟಡಗಳಲ್ಲಿ ಹುಡುಗರು ರಾತ್ರಿಯಿಡೀ ಕುಣಿಯುತ್ತಿದ್ದರು. ಗೋಡೆಯ ಪೂರ್ವದ ಕಡೆ ಬೆಳೆದು, ಪಶ್ಚಿಮದ ರೇಡಿಯೊವನ್ನು ಕದ್ದು ಕೇಳುತ್ತಿದ್ದ ಪೌಲ್ ಫಾನ್ ಡೈಕ್ ಮುಂದೆ ಇದೇ ಸಂಗೀತದ ದೊಡ್ಡ ಹೆಸರಾದ.

ಆಕಾಶದಿಂದ ಉದುರಿದ್ದೇನೂ ಅಲ್ಲ. 1970ರ ದಶಕದಲ್ಲೇ ಬರ್ಲಿನ್ನಿನ ಟ್ಯಾಂಜರೀನ್ ಡ್ರೀಮ್ ತಂಡ, ಕ್ಲೌಸ್ ಶುಲ್ಟ್ಸ ಮುಂತಾದವರು ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯದಲ್ಲಿ ಒಂದು ಸಣ್ಣ ಸ್ವರಗುಚ್ಛವನ್ನು ಇಪ್ಪತ್ತು ನಿಮಿಷ ತಿರುಗಿಸುತ್ತಾ, ನಿಧಾನ ಬಣ್ಣ ಬದಲಿಸುತ್ತಾ ಕೂರುತ್ತಿದ್ದರು. ತಾಳ ಅಮೆರಿಕದ ಶಿಕಾಗೊ, ಡೆಟ್ರಾಯ್ಟ್‌ಗಳಿಂದ ಬಂತು. ಇವೆರಡರ ನಡುವೆ ಒಂದು ಯಂತ್ರದ ಕಥೆಯಿದೆ, ನನಗೆ ಬಲು ಇಷ್ಟದ್ದು. ಜಪಾನಿನ ರೋಲ್ಯಾಂಡ್ ಕಂಪನಿ 1980ರ ದಶಕದ ಮೊದಲಲ್ಲಿ ಟಿಬಿ-303 ಎಂಬ ಬೆಳ್ಳಿ ಬಣ್ಣದ ಪುಟ್ಟ ಪೆಟ್ಟಿಗೆ ತಂದಿತು. ಒಂಟಿ ಗಿಟಾರ್ ವಾದಕನಿಗೆ ಜೊತೆಯಾಗಿ ಬೇಸ್, ಅಂದರೆ ತಳದ ತಗ್ಗು ಸ್ವರ, ನುಡಿಸಲಿ ಅಂತ ಮಾಡಿದ್ದು. ಬೇಸ್ ಗಿಟಾರಿನ ದನಿ ಅದರಿಂದ ಬರಲೇ ಇಲ್ಲ. ಹೆಚ್ಚು ಜನ ಕೊಳ್ಳಲಿಲ್ಲ, 1984ಕ್ಕೆ ಕಂಪನಿ ಕೈಬಿಟ್ಟಿತು. ಹಳೇ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕ ಪೆಟ್ಟಿಗೆಯ ಗುಂಡಿಗಳನ್ನು ಶಿಕಾಗೊದ ಹುಡುಗರು ಅಡ್ಡಾದಿಡ್ಡಿ ತಿರುಗಿಸಿದಾಗ, ನೀರೊಳಗೆ ಜೀರುಂಡೆ ಕೂಗಿದಂಥ ಒಂದು ದನಿ ಹೊರಟಿತು. ಅದೇ ‘ಆ್ಯಸಿಡ್’ ದನಿ, 1987. ಗೋವಾ ಟ್ರಾನ್ಸಿನ ಬೆನ್ನೆಲುಬೂ ಅದೇ.

ನಮ್ಮವರ ಹೆಮ್ಮೆಗೆ ನಿಜವಾದ ಕಾರಣ ಬೇಕೆಂದರೆ ಅದು ಇಲ್ಲಿದೆ. ಶಿಕಾಗೊಗಿಂತ ಐದು ವರ್ಷ ಮೊದಲೇ, 1982ರಲ್ಲಿ, ಮುಂಬೈಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ ಇದೇ ಪೆಟ್ಟಿಗೆಯಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಹೊಂದಿಸಿ ಒಂದು ಎಲ್‌ಪಿ ತಂದಿದ್ದರು. ಆಗ ಅದನ್ನು ಕೇಳಿದವರಿಲ್ಲ. 2010ರಲ್ಲಿ ಮರುಮುದ್ರಣವಾದಾಗ ಯುರೋಪ್ ಬೆಚ್ಚಿಬಿತ್ತು. ಆದರೆ ಅದರಿಂದಲೇ ಟ್ರಾನ್ಸ್ ಹುಟ್ಟಿತು ಅನ್ನಲಾಗದು. ಮಳೆಗಾಲದ ಕತ್ತಲಲ್ಲಿ ಯಾರೂ ನೋಡದೆ ಅರಳಿ ಉದುರಿದ ಹೂವದು.

ಇನ್ನು ಗೋವಾ. 1960ರ ದಶಕದ ಕೊನೆಯಿಂದ ಅಂಜುನಾ ತೀರಕ್ಕೆ ಹಿಪ್ಪಿಗಳು ಬಂದರು, ಹುಣ್ಣಿಮೆ ರಾತ್ರಿ ಗಿಟಾರ್ ಬಾರಿಸಿಕೊಂಡಿದ್ದರು. 1980ರ ದಶಕದ ನಡುವಿಗೆ ಕೆಲವು ಡಿಜೆಗಳು ಯುರೋಪಿನ ಯಂತ್ರಸಂಗೀತದ ಕ್ಯಾಸೆಟ್ ತರಿಸಿ, ಅದರಲ್ಲಿ ಮಾತು, ಹಾಡು ಇದ್ದ ಭಾಗವೆಲ್ಲ ಕತ್ತರಿಸಿ, ಬರೀ ವಾದ್ಯದ ತುಣುಕುಗಳನ್ನು ಜೋಡಿಸಿ ಹಿಗ್ಗಿಸತೊಡಗಿದರು. ಆ ಶೆಕೆಗೆ, ದೂಳಿಗೆ ಗ್ರಾಮಫೋನ್ ತಟ್ಟೆ ಸೊಟ್ಟಗಾಗುತ್ತಿತ್ತು. ಹಾಗಾಗಿ ಮೊದಲು ಕ್ಯಾಸೆಟ್, ಆಮೇಲೆ ಡ್ಯಾಟ್ ಎಂಬ ಡಿಜಿಟಲ್ ಟೇಪು. ಟೇಪಿನಲ್ಲಿ ಎರಡು ಹಾಡುಗಳ ತಾಳವನ್ನು ಕ್ಲಬ್ಬಿನವರ ಹಾಗೆ ಬೆರಳಲ್ಲಿ ಸರಿಹೊಂದಿಸಿ ಬೆಸೆಯುವುದು ಕಷ್ಟ. ಒಂದು ಮುಗಿದ ಮೇಲೆಯೇ ಇನ್ನೊಂದು. ಗೋವಾದ ಹಾಡುಗಳು ಅಷ್ಟು ಉದ್ದ ಇರುವುದಕ್ಕೆ, ಮೊದಲಲ್ಲಿ ಕೊನೆಯಲ್ಲಿ ತಾಳವಿಲ್ಲದ ಬರೀ ಗುಂಯ್‌ಗುಡುವಿಕೆ ಇರುವುದಕ್ಕೆ ಇದೂ ಒಂದು ಕಾರಣ. ಧ್ಯಾನಕ್ಕಿಂತ ಶೆಕೆಯ ಕೊಡುಗೆ ದೊಡ್ಡದು!

ನಾನು ಅಲ್ಲಿಗೆ ಹೋದದ್ದು 1990ರ ದಶಕದ ಕೊನೆಗೆ, ಮೈಕ್‌ಸೆಟ್ಟಿನ ಹುಡುಗನಾಗಿ. ಸ್ಪೀಕರ್ ಡಬ್ಬಿ ಹೊತ್ತು ಹೆಗಲು ಬಿದ್ದುಹೋಗಿತ್ತು. ನೆನಪಿರುವುದು ಸಂಗೀತಕ್ಕಿಂತ ಅದರ ಅಂಚು: ಕುಣಿಯುವ ಜಾಗದ ಸುತ್ತ ಊರ ಹೆಂಗಸರು ಚಾಪೆ ಹಾಸಿ, ಸೀಮೆಎಣ್ಣೆ ಬುಡ್ಡಿ ಹಚ್ಚಿಟ್ಟು, ಸ್ಟವ್ ಮೇಲೆ ಚಹಾ ಕಾಯಿಸುತ್ತಾ ಕೂತಿದ್ದರು. ದಣಿದವರು ಬಂದು ಆ ಚಾಪೆಯ ಮೇಲೆ ಬೀಳುವರು. ನಮ್ಮ ಬಯಲಾಟದ ಸುತ್ತ ಚುರುಮುರಿ ಬುಟ್ಟಿ, ಗ್ಯಾಸ್‌ಲೈಟು ಇರುತ್ತಿತ್ತಲ್ಲ, ಥೇಟ್ ಹಾಗೆ. ನಡುರಾತ್ರಿ ಗಡುಸಾದ, ಕತ್ತಲ ಸಂಗೀತ. ಬೆಳಕು ಹರಿಯುವ ಹೊತ್ತಿಗೆ ಇಂಪು. ಈ ಕ್ರಮವನ್ನು ಗಟ್ಟಿಯಾಗಿ ಪಾಲಿಸಿದವರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕಡೆಯಿಂದ ಬಂದು ಗೋವಾದಲ್ಲಿ ನೆಲೆಸಿದ ಡಿಜೆ ಗೋವಾ ಗಿಲ್ ಒಬ್ಬ. 2023ರಲ್ಲಿ ತೀರಿಕೊಂಡ.

ಆಮೇಲೆ ಹೊಳೆ ಹಿಂದಕ್ಕೆ ಹರಿಯಿತು. ಗೋವಾದಲ್ಲಿ ಕುಣಿದು ಹೋದವರು ಲಂಡನ್ನಿನಲ್ಲಿ ಡ್ರ್ಯಾಗನ್‌ಫ್ಲೈ, ಟಿಪ್ ಎಂಬ ರೆಕಾರ್ಡ್ ಕಂಪನಿ ಕಟ್ಟಿದರು. 1994ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಡಿಜೆ ಪಾಲ್ ಓಕನ್‌ಫೋಲ್ಡ್ ಬಿಬಿಸಿ ರೇಡಿಯೊ 1ರಲ್ಲಿ ಎರಡು ಗಂಟೆಯ ‘ಗೋವಾ ಮಿಕ್ಸ್’ ಕೇಳಿಸಿದ. ಸೇನೆಯ ಕಡ್ಡಾಯ ಸೇವೆ ಮುಗಿಸಿ ಗೋವಾಕ್ಕೆ ಬರುತ್ತಿದ್ದ ಇಸ್ರೇಲಿ ಹುಡುಗರು ಇದನ್ನು ಮನೆಗೆ ಒಯ್ದರು. ಹೈಫಾ ಊರಿನ ‘ಇನ್ಫೆಕ್ಟೆಡ್ ಮಶ್ರೂಮ್’ ತಂಡ ಬೆಳೆದದ್ದು ಆ ಮಣ್ಣಿನಲ್ಲಿ. ಈ ಕವಲಿಗೆ ಈಗ ಸೈಟ್ರಾನ್ಸ್ ಎಂದು ಹೆಸರು. ಜಪಾನ್, ಬ್ರೆಜಿಲ್, ಪೋರ್ಚುಗಲ್‌ಗಳಲ್ಲೆಲ್ಲ ಇದಕ್ಕೆ ದೊಡ್ಡ ಜಾತ್ರೆಗಳಿವೆ.

ಫ್ರಾಂಕ್‌ಫರ್ಟಿನ ಕವಲು ಇನ್ನೊಂದು ದಾರಿ ಹಿಡಿಯಿತು. 1996ರಲ್ಲಿ ರೋಲ್ಯಾಂಡಿನದೇ ಜೆಪಿ-8000 ಎಂಬ ಸಿಂಥಸೈಜರ್ ಬಂತು. ಒಂದು ಸ್ವರವನ್ನು ಏಳು ದನಿಗಳು ಕೂದಲೆಳೆ ಅಂತರದ ಶ್ರುತಿಯಲ್ಲಿ ಒಟ್ಟಿಗೆ ಹಾಡಿದಂತೆ ಕೇಳಿಸುವ ಗುಂಡಿ ಅದರಲ್ಲಿತ್ತು. ಕ್ರೀಡಾಂಗಣ ತುಂಬುವ ದನಿ ಅದು. ಡಚ್ ಡಿಜೆಗಳು ಅದನ್ನು ಎತ್ತಿಕೊಂಡರು: ಫೆರಿ ಕಾರ್ಸ್ಟನ್, ಟಿಯೆಸ್ಟೊ, 2001ರಿಂದ ವಾರವಾರ ರೇಡಿಯೊ ಕಾರ್ಯಕ್ರಮ ನಡೆಸುತ್ತಿರುವ ಆರ್ಮಿನ್ ಫಾನ್ ಬ್ಯೂರೆನ್. 2004ರ ಅಥೆನ್ಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ದೇಶದೇಶದ ಆಟಗಾರರು ಮೆರವಣಿಗೆ ಬಂದಾಗ ನುಡಿಸಿದ್ದು ಟಿಯೆಸ್ಟೊ. ಕೂಡಲಿಯಲ್ಲಿ ತುಂಗೆ ಭದ್ರೆ ಸೇರಿ ಒಂದಾಗುತ್ತವೆ. ಟ್ರಾನ್ಸಿನ ಎರಡು ಹೊಳೆಗಳು ಒಂದರ ನೀರು ಒಂದು ಕುಡಿದವೇ ಹೊರತು ಇವತ್ತಿಗೂ ಸರಿಯಾಗಿ ಸೇರಿಲ್ಲ. ಅವರ ಜನ ಇವರನ್ನು ಕಂಡರೆ ಮೂಗು ಮುರಿಯುತ್ತಾರೆ, ಇವರು ಅವರನ್ನು.

ಇನ್ನು ಕೇಳುವುದು ಹೇಗೆ. ಮಗನ ಹೆಡ್‌ಫೋನ್ ಮತ್ತೊಮ್ಮೆ ಇಸಿದುಕೊಳ್ಳಿ. ತಳದಲ್ಲಿ ದಬ್ ದಬ್ ಅನ್ನುವ ಪೆಟ್ಟನ್ನು ಎಣಿಸಿ. ನಿಮಿಷಕ್ಕೆ 138 ಪೆಟ್ಟಿನ ಹಾಡಾದರೆ 32 ಪೆಟ್ಟಿಗೆ ಹದಿನಾಲ್ಕು ಸೆಕೆಂಡು. ಹೆಚ್ಚುಕಡಿಮೆ ಪ್ರತಿ 32ಕ್ಕೆ ಏನೋ ಒಂದು ಬದಲಾಗಿರುತ್ತದೆ: ಒಂದು ಕಿಣಿಕಿಣಿ ಸೇರಿತು, ಒಂದು ದನಿ ಮಬ್ಬಿನಿಂದ ಹೊಳಪಿಗೆ ಬಂತು. ನಡುವೆ ತಳದ ಪೆಟ್ಟು ಪೂರ್ತಿ ನಿಂತು ರಾಗ ಮಾತ್ರ ತೇಲುತ್ತದೆ. ಆ ಪೆಟ್ಟು ಮರಳುವ ಕ್ಷಣಕ್ಕಾಗಿ ಕಾಯುವುದೇ ಇದರ ರುಚಿ. ಮೆಟ್ಟುಗತ್ತಿ ಹಿಡಿದು ರಾತ್ರಿಯೆಲ್ಲ ಸುಲಿಯುವಾಗ ಕೈ ತಾನೇ ನಡೆದು ಮನಸ್ಸು ಎಲ್ಲೋ ಹೋಗಿರುತ್ತದಲ್ಲ, ಆ ಸ್ಥಿತಿ ನಿಮಗೆ ಹೊಸತಲ್ಲ.

ಕಿವಿಯ ವಿಷಯ: ಕೆಡುಕು ಸಂಗೀತದಲ್ಲಿಲ್ಲ, ವಾಲ್ಯೂಮಿನಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ 80 ಡೆಸಿಬೆಲ್ ಆದರೆ ವಾರಕ್ಕೆ 40 ಗಂಟೆ, 90 ಆದರೆ ಬರೀ 4 ಗಂಟೆ. ಪಕ್ಕದಲ್ಲಿ ಕೂತ ನಿಮಗೆ ಅವನ ಹೆಡ್‌ಫೋನಿನ ಚಿಸ್‌ಚಿಸ್ ಕೇಳಿಸಿದರೆ ಬೆನ್ನಿಗೆ ಒಂದು ತಟ್ಟಿ.

ಪ್ರಶ್ನೆ: ನಮ್ಮದು ಡೊಳ್ಳಿನ ತಂಡ. ಡೊಳ್ಳು ಕೇಳಿ ಮೈಮೇಲೆ ಬರುವವರನ್ನು ನೋಡಿದ್ದೇವೆ. ಟ್ರಾನ್ಸ್ ಅಂದರೂ ಅದೇ ತಾನೆ? ಡೊಳ್ಳಿಗೆ ಟ್ರಾನ್ಸ್ ಬೆರೆಸಿದರೆ ಹೇಗಿರುತ್ತದೆ?
– ಯುವಕ, ಶಿವಮೊಗ್ಗ

ಉತ್ತರ: ತಮ್ಮಾ, ಹೆಸರು ಅದೇ, ವ್ಯವಹಾರ ತಿರುವುಮುರುವು. ನಮ್ಮಲ್ಲಿ ಬಾರಿಸುವವರು ಹತ್ತು ಜನ, ಮೈಮೇಲೆ ಬರುವುದು ಒಬ್ಬ ಪಾತ್ರಿಗೆ, ಉಳಿದ ಊರು ಕೈಮುಗಿದು ನಿಂತಿರುತ್ತದೆ. ಅಲ್ಲಿ ನುಡಿಸುವವನು ಒಬ್ಬ, ಎಚ್ಚರದಲ್ಲೇ ಗುಂಡಿ ತಿರುಗಿಸುತ್ತಿರುತ್ತಾನೆ; ಮೈಮರೆಯುವುದು ಎದುರಿನ ಸಾವಿರ ಜನ. ಬಂದು ಮಾತಾಡುವ ದೈವ ಅಲ್ಲಿ ಯಾವುದೂ ಇಲ್ಲ. ಈ ವಿಷಯವನ್ನೇ ಜೀವಮಾನ ಓದಿದ ಫ್ರೆಂಚ್ ವಿದ್ವಾಂಸ ಜಿಲ್ಬೇರ್ ರೂಜೆ 1980ರಲ್ಲೇ ಹೇಳಿದ್ದು, ಇಂಥ ತಾಳ ಬಾರಿಸಿದರೆ ಆವೇಶ ಬಂದೇ ಬರುತ್ತದೆ ಎಂಬ ಸೂತ್ರ ಎಲ್ಲೂ ಇಲ್ಲ. ಜನರ ನಂಬಿಕೆ, ಸಂದರ್ಭ ಕೂಡಬೇಕು ಅಂತ. ಅದೇ ಡೊಳ್ಳನ್ನು ದಸರಾ ಮೆರವಣಿಗೆಯಲ್ಲಿ ಬಾರಿಸಿದರೆ ಯಾರ ಮೈಮೇಲೂ ಏನೂ ಬರುವುದಿಲ್ಲ, ನೋಡಿದ್ದೀಯಲ್ಲ.

ಬೆರೆಸುವುದಾದರೆ ಒಂದು ಎಚ್ಚರ. ಯಂತ್ರದ ತಾಳ ಕದಲುವುದಿಲ್ಲ. ನಿಮ್ಮ ತಂಡ ಹುರುಪು ಬಂದ ಹಾಗೆ ಲಯ ಏರಿಸುತ್ತದೆ, ಅದೇ ಅದರ ಜೀವ. ಯಂತ್ರಕ್ಕೆ ಕಟ್ಟಿ ಹಾಕಿದರೆ ಡೊಳ್ಳು ಸತ್ತ ಹಾಗೆ. ಡೊಳ್ಳನ್ನು ಮೊದಲು ತನ್ನಷ್ಟಕ್ಕೆ ಬಾರಿಸಿ ರೆಕಾರ್ಡ್ ಮಾಡಿ, ಸಿಂಥನ್ನು ಅದರ ಹಿಂದೆ ನಡೆಸಿ. ಉಲ್ಟಾ ಬೇಡ.

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದು ಚಿಕ್ಕ ಹೋಂಸ್ಟೇ. ಬೆಂಗಳೂರಿನ ಒಂದು ತಂಡ ತೋಟದಲ್ಲಿ ರಾತ್ರಿಯಿಡೀ ಟ್ರಾನ್ಸ್ ಪಾರ್ಟಿ ಮಾಡುತ್ತೇವೆ, ಒಳ್ಳೆ ದುಡ್ಡು ಕೊಡುತ್ತೇವೆ ಅನ್ನುತ್ತಿದೆ. ಒಪ್ಪಬಹುದೇ?
– ಹೋಂಸ್ಟೇ ಮಾಲೀಕರು

ಉತ್ತರ: ಬೇಡ ಮಾರಾಯರೇ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಜನವಸತಿಯಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್, ಮೆಲುದನಿಯ ಮಾತಿಗಿಂತ ಹೆಚ್ಚೇನಲ್ಲ. ಗೋವಾದ ಬಯಲಿನ ರಾತ್ರಿಗಳಿಗೆ ಕಡಿವಾಣ ಬಿದ್ದದ್ದೂ ಇದೇ ನಿಯಮದಿಂದ. ಇಂಗ್ಲೆಂಡಿನವರು ಇನ್ನೂ ಮುಂದೆ ಹೋಗಿ, 1994ರ ಕಾನೂನಿನಲ್ಲಿ ‘ಒಂದರ ಹಿಂದೊಂದು ಬರುವ ಪುನರಾವರ್ತಿತ ತಾಳದ ಪೆಟ್ಟುಗಳು’ ಎಂದು ಸಂಗೀತದ ಲಕ್ಷಣವನ್ನೇ ಬರೆದು ಬಯಲ ಪಾರ್ಟಿಗಳನ್ನು ಹಿಡಿದಿದ್ದರು. ಕಾನೂನು ಬಿಡಿ, ಕೆಳದನಿ ನಮ್ಮ ಕಣಿವೆಗಳಲ್ಲಿ ದೂರ ಹೋಗುತ್ತದೆ. ಮರಗಿಡ ತಡೆಯುವುದು ಕೀರಲು ದನಿಯನ್ನು, ದಬ್‌ದಬ್ಬನ್ನಲ್ಲ. ಜೊತೆಗೆ ಇಂಥ ಪಾರ್ಟಿಗೆ ಅಮಲು ಪದಾರ್ಥ ಯಾರಾದರೂ ತಂದರೆ ಪೊಲೀಸರು ಮೊದಲು ಬಾಗಿಲು ತಟ್ಟುವುದು ನಿಮ್ಮದನ್ನು.

ಅವರಿಗೆ ಕುಣಿಯಲೇಬೇಕು ಅಂತಿದ್ದರೆ ದಕ್ಷಿಣ ಗೋವಾದ ಪಾಳೋಲೆಮ್ ಕಡೆ ಮಾಡುವ ಹಾಗೆ ವೈರ್‌ಲೆಸ್ ಹೆಡ್‌ಫೋನ್ ಬಾಡಿಗೆಗೆ ತಂದು ಕುಣಿಯಲಿ. ಸ್ಪೀಕರೇ ಬೇಡ. ಅಡಿಕೆ ಮರಗಳ ನಡುವೆ ನಲವತ್ತು ಜನ ಸದ್ದಿಲ್ಲದೆ ಕೈಕಾಲು ಆಡಿಸುವುದನ್ನು ಕಂಡು ನಿಮ್ಮ ನಾಯಿ ಬೊಗಳೀತು, ಅದಕ್ಕೆ ಮಾತ್ರ ನನ್ನಲ್ಲಿ ಪರಿಹಾರವಿಲ್ಲ.